ಪಿಯಾನೋ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕೀ

"ಅದರಲ್ಲಿ ಎಷ್ಟು ಸೌಂಡ್ ಉಂಟು?" ಮಕ್ಕಳಿಗೆ ಕೀಬೋರ್ಡ್ ಕೊಡಿಸಲು ಹೊರಟ ಗೆಳತಿಯರು ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ ಇದು. ಅಂಗಡಿಯಲ್ಲೂ ಮಾತು ಶುರುವಾಗುವುದು ಅಲ್ಲಿಂದಲೇ. ಆರುನೂರು ಟೋನ್, ಇನ್ನೂರು ರಿದಂ, ಈ ಬಟನ್ ಒತ್ತಿದರೆ ತಬಲಾ, ಆ ಬಟನ್ ಒತ್ತಿದರೆ ಸಿತಾರ್. ಡೆಮೊ ಮುಗಿಯುವಷ್ಟರಲ್ಲಿ ಮಗು ಅದೇ ಬೇಕು ಎಂದು ಹಠ ಹಿಡಿದಿರುತ್ತದೆ. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಮಗಳು ಪಿಯಾನೋ ಕಲಿಯುತ್ತಾಳೆ, ಅತ್ತೆ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಾರೆ, ಇಬ್ಬರ ಪಕ್ಕದಲ್ಲಿ ಕೂತು ಕೂತು ನಾನೂ ಸ್ವಲ್ಪ ಕಲಿತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಖಚಿತವಾದದ್ದು ಒಂದೇ. ಮನೆಗೆ ತರುವ ವಾದ್ಯದಲ್ಲಿ ಮೊದಲು ಕೀ ಹೇಗಿದೆ ಎಂದು ನೋಡಬೇಕು. ಸೌಂಡ್ ಎಣಿಸುವ ಕೆಲಸ ಕೊನೆಗೆ ಇರಲಿ.

ಅಂಗಡಿಗೆ ಹೋಗುವ ಮೊದಲು ಮಗುವಿನ ಟೀಚರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ: ಕಲಿಸುವುದು ಪಿಯಾನೋವನ್ನೋ, ಕೀಬೋರ್ಡನ್ನೋ? ನಮ್ಮೂರಿನಲ್ಲಿ ತುಂಬಾ ಮಕ್ಕಳು ಟ್ರಿನಿಟಿ ಕಾಲೇಜ್ ಲಂಡನ್‌ನ ಪರೀಕ್ಷೆ ಕಟ್ಟುತ್ತಾರೆ. ಅದರಲ್ಲಿ ಪಿಯಾನೋಗೆ ಒಂದು ಸಿಲೆಬಸ್, ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಬೇರೆಯೇ ಸಿಲೆಬಸ್. ಎರಡಕ್ಕೂ ಇನಿಶಿಯಲ್‌ನಿಂದ ಎಂಟನೇ ಗ್ರೇಡಿನವರೆಗೆ ಮೆಟ್ಟಿಲು ಉಂಟು, ಆದರೆ ಎರಡೂ ಒಂದೇ ದಾರಿಯಲ್ಲ. ಕೀಬೋರ್ಡ್ ಸಿಲೆಬಸ್ಸಿನಲ್ಲಿ ಎಡಗೈ ಕಾರ್ಡ್ (ಒಟ್ಟಿಗೆ ಒತ್ತುವ ಮೂರು-ನಾಲ್ಕು ಸ್ವರ) ಹಿಡಿದರೆ ಯಂತ್ರವೇ ಡ್ರಮ್ಸ್, ಬೇಸ್ ಎಲ್ಲ ಹಾಕಿಕೊಡುತ್ತದೆ. ಯಾವಾಗ ಸ್ಟೈಲ್ ಬದಲಿಸಬೇಕು, ಯಾವಾಗ ಟೋನ್ ಬದಲಿಸಬೇಕು ಎನ್ನುವುದೂ ಆ ಕಲಿಕೆಯ ಭಾಗ. ಪಿಯಾನೋದಲ್ಲಿ ಬೇಸ್ ಕೂಡ ನಿಮ್ಮದೇ ಬೆರಳು, ಮೇಳವೂ ನಿಮ್ಮದೇ ಬೆರಳು. ಇದನ್ನು ಕೇಳದೆ ಕೊಂಡವರು ಎರಡನೇ ಗ್ರೇಡಿನ ಹೊತ್ತಿಗೆ ಮತ್ತೊಂದು ವಾದ್ಯಕ್ಕೆ ದುಡ್ಡು ಸುರಿದದ್ದನ್ನು ನಾನು ನಮ್ಮ ಕಟ್ಟಡದಲ್ಲೇ ಕಂಡಿದ್ದೇನೆ.

ಮಗಳ ಟೀಚರ್ ಫಳ್ನೀರಿನವರು, ಚರ್ಚಿನ ಕ್ವಾಯರಿಗೆ ಎಷ್ಟೋ ವರ್ಷ ಆರ್ಗನ್ ನುಡಿಸಿದವರು. ಅವರು ಯಾವ ಕಂಪನಿಯ ಹೆಸರನ್ನೂ ಹೇಳಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟು: 88 ಕೀ, ಹ್ಯಾಮರ್ ಆ್ಯಕ್ಷನ್, ಪೆಡಲ್, ಗಟ್ಟಿ ಸ್ಟ್ಯಾಂಡ್. "ಉಳಿದದ್ದೆಲ್ಲ ನಿಮ್ಮ ಇಷ್ಟ" ಎಂದರು.

ಹ್ಯಾಮರ್ ಆ್ಯಕ್ಷನ್ ಎಂದರೆ ಎಂತ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಅತ್ತೆಯ ಹಾರ್ಮೋನಿಯಂ ಪಕ್ಕದಲ್ಲಿಟ್ಟು ನೋಡಿದಾಗ. ಹಾರ್ಮೋನಿಯಂನಲ್ಲಿ ಕೀ ಒಂದು ಬಾಗಿಲು ಮಾತ್ರ. ಒತ್ತಿದರೆ ಗಾಳಿಗೆ ದಾರಿ ತೆರೆಯುತ್ತದೆ, ಒಳಗಿನ ಲೋಹದ ನಾಲಗೆ, ಅಂದರೆ ರೀಡ್, ಕಂಪಿಸುತ್ತದೆ. ಮೆಲ್ಲ ಒತ್ತಿದರೂ ಜೋರಾಗಿ ಒತ್ತಿದರೂ ಸ್ವರ ಒಂದೇ ಗಾತ್ರದ್ದು. ಗಾತ್ರವನ್ನು ಆಳುವುದು ತಿದಿ ಒತ್ತುವ ಎಡಗೈ. ಪಿಯಾನೋದಲ್ಲಿ ತಿದಿ ಇಲ್ಲ. 1700ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಮಾಡಿದ ಕೆಲಸವೇ ಅದು: ಜೋರು ಮತ್ತು ಮೆಲ್ಲಗಿನ ಅಧಿಕಾರವನ್ನು ಪೂರ್ತಿಯಾಗಿ ಬೆರಳಿಗೆ ಕೊಟ್ಟದ್ದು. ಕೀ ಒಂದು ಏತದ ಹಾಗೆ. ಈ ತುದಿ ತಗ್ಗಿದರೆ ಆ ತುದಿಯ ಸುತ್ತಿಗೆ ಮೇಲೆದ್ದು ತಂತಿಗೆ ಬಡಿಯುತ್ತದೆ. ಬಡಿಯುವ ಕ್ಷಣದ ಮೊದಲೇ ಸುತ್ತಿಗೆ ಕೀಯ ಹಿಡಿತದಿಂದ ಬಿಟ್ಟುಹೋಗಿರುತ್ತದೆ. ಹಾಗಾಗಿ ಸ್ವರ ಹುಟ್ಟಿದ ಮೇಲೆ ಕೀಯನ್ನು ಎಷ್ಟು ಅದುಮಿದರೂ ಏನೂ ಆಗುವುದಿಲ್ಲ. ಆಗಬೇಕಾದದ್ದೆಲ್ಲ ಬೆರಳು ಇಳಿಯುವ ವೇಗದಲ್ಲಿ ಆಗಿ ಮುಗಿದಿರುತ್ತದೆ.

ಡಿಜಿಟಲ್ ಪಿಯಾನೋದಲ್ಲಿ ತಂತಿ ಇಲ್ಲ, ಆದರೆ ಒಳ್ಳೆಯದರಲ್ಲಿ ಪ್ರತಿ ಕೀಯ ಹಿಂದೆಯೂ ನಿಜವಾದ ತೂಕದ ಪುಟ್ಟ ಸುತ್ತಿಗೆ ಉಂಟು. ಕೀಯ ಕೆಳಗೆ ಎರಡು ಅಥವಾ ಮೂರು ಸೆನ್ಸರ್. ಮೊದಲನೆಯದು ಮುಟ್ಟಿದ್ದಕ್ಕೂ ಎರಡನೆಯದು ಮುಟ್ಟಿದ್ದಕ್ಕೂ ನಡುವೆ ಹೋದ ಸಮಯವನ್ನು ಅಳೆದು ಬೆರಳು ಎಷ್ಟು ವೇಗವಾಗಿ ಬಂತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಸಮಯ ಕಡಿಮೆಯಾದಷ್ಟೂ ಸ್ವರ ಜೋರು. ಮಾಮೂಲಿ ಕೀಬೋರ್ಡಿನಲ್ಲಿ ಸುತ್ತಿಗೆಯ ಜಾಗದಲ್ಲಿ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗಿನ ಸ್ವಭಾವ ಬೇರೆ. ಒತ್ತಿದಷ್ಟೂ ಅದು ಎದುರು ತಳ್ಳುತ್ತದೆ. ಸುತ್ತಿಗೆಯ ಕೀ ಹೊರಡುವಾಗ ಮಾತ್ರ ಭಾರ, ಹೊರಟ ಮೇಲೆ ಅದೇ ಮುಂದೆ ಹೋಗುತ್ತದೆ. ಅಕೌಸ್ಟಿಕ್, ಅಂದರೆ ತಂತಿಯ, ಪಿಯಾನೋದ ಒಂದು ಕೀ ಇಳಿಯಲು ಸುಮಾರು 50 ಗ್ರಾಂ ಭಾರ ಸಾಕು, ಹತ್ತು ರೂಪಾಯಿಯ ಆರೇಳು ನಾಣ್ಯದಷ್ಟು. ಆದ್ದರಿಂದ "ಸಣ್ಣ ಮಗುವಿನ ಬೆರಳಿಗೆ ನೋವಾಗುತ್ತದೆ, ಹಗುರದ್ದೇ ಕೊಡಿ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಲ ಬೇಕಾಗಿಲ್ಲ, ಬೆರಳಿನ ಮೇಲೆ ಹಿಡಿತ ಬೇಕು. ಸ್ಪ್ರಿಂಗಿನ ಕೀಯಲ್ಲೇ ವರ್ಷಗಟ್ಟಲೆ ಕಲಿತ ಮಗು ನಿಜವಾದ ಪಿಯಾನೋದ ಮುಂದೆ ಕೂತಾಗ ಅರ್ಧ ಸ್ವರಗಳು ಕೇಳುವುದೇ ಇಲ್ಲ, ಇನ್ನರ್ಧ ಬಡಿದಂತೆ ಕೇಳುತ್ತವೆ.

ಇದನ್ನು ಪರೀಕ್ಷಿಸಲು ಸಂಗೀತ ಬರಬೇಕೆಂದಿಲ್ಲ. ಅಂಗಡಿಯವರಿಗೆ ಡೆಮೊ ನಿಲ್ಲಿಸಲು ಹೇಳಿ, ಮಾಮೂಲಿ ಪಿಯಾನೋ ಸ್ವರ ಇಡಿಸಿ, ವಾಲ್ಯೂಮ್ ಮಧ್ಯದಲ್ಲಿರಲಿ. ಒಂದು ಕೀಯನ್ನು ತೀರಾ ನಿಧಾನವಾಗಿ, ಉಸಿರು ಬಿಡುವಷ್ಟು ಹೊತ್ತು ತೆಗೆದುಕೊಂಡು ಕೆಳಗಿಳಿಸಿ. ಸ್ವರ ಬರಬಾರದು, ಬಂದರೂ ಪಿಸುಮಾತಿನಷ್ಟು. ಪೂರ್ತಿ ಗಾತ್ರದಲ್ಲಿ ಬಂದರೆ ಅಲ್ಲಿಂದ ಎದ್ದು ಮುಂದಿನದಕ್ಕೆ ಹೋಗಿ. ಆಮೇಲೆ ಅದೇ ಕೀಯನ್ನು ಮೆಲ್ಲಗಿನಿಂದ ಜೋರಿಗೆ ಏರಿಸುತ್ತಾ ಬನ್ನಿ. ಗಾತ್ರ ಸಮನಾಗಿ ಏರಬೇಕು, ಮೂರೇ ಮೆಟ್ಟಿಲಲ್ಲಿ ಹಾರಬಾರದು. ಎಡತುದಿಯ ಕೀ ಬಲತುದಿಯದಕ್ಕಿಂತ ತುಸು ಭಾರ ಇರುತ್ತದೆ, ನಿಜವಾದ ಪಿಯಾನೋದಲ್ಲೂ ಮಂದ್ರದ ಸುತ್ತಿಗೆ ದೊಡ್ಡದು, ಅದನ್ನು ದೋಷ ಎಂದುಕೊಳ್ಳಬೇಡಿ. ಕೊನೆಗೆ ಬಿಳಿ ಕೀಯನ್ನು ತುದಿಯಲ್ಲಲ್ಲ, ಒಳಗೆ, ಕಪ್ಪು ಕೀಗಳ ಬುಡದಲ್ಲಿ ಒತ್ತಿ ನೋಡಿ. ಕಡಿಮೆ ಬೆಲೆಯವುಗಳ ಗುಟ್ಟು ಬಯಲಾಗುವುದು ಇಲ್ಲಿಯೇ. ಒಳಗಿನ ಕೀಲು ತೀರಾ ಹತ್ತಿರವಿದ್ದರೆ ಆ ಜಾಗದಲ್ಲಿ ಕೀ ಕಲ್ಲಿನಂತೆ ಕೂತಿರುತ್ತದೆ, ಕಪ್ಪು ಕೀಗಳಿರುವ ಕಾರ್ಡ್ ಹಿಡಿದಾಗ ಹೆಬ್ಬೆರಳು ಬೀಳುವುದು ಅಲ್ಲಿಗೇ. ಇಷ್ಟನ್ನೂ ಕೂತು ಮಾಡಿ ಮಾರಾಯ್ರೆ, ನಿಂತುಕೊಂಡಲ್ಲ. ನಿಂತಾಗ ತೋಳಿನ ಭಾರವೇ ಬೆರಳಿಗೆ ಬಂದು ಯಾವ ಕೀಯಾದರೂ ಹಗುರ ಅನಿಸುತ್ತದೆ.

ಬ್ರ್ಯಾಂಡ್ ವಿಷಯ ಬೇಗ ಮುಗಿಸುತ್ತೇನೆ. ನಾವು ಕೊಂಡದ್ದು ಯಮಾಹಾ ಪಿ-45. ಅದರ ಜಾಗಕ್ಕೆ 2023ರಲ್ಲಿ ಪಿ-145 ಬಂತು. ಅದೇ ಸಾಲಿನಲ್ಲಿ ಕ್ಯಾಸಿಯೋ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10 ಇವೆ. ಮೂರಕ್ಕೂ 88 ಕೀ, ಮೂರಕ್ಕೂ ಸುತ್ತಿಗೆ. ಕೀ ಮಾತ್ರ ನೋಡುವುದಾದರೆ ರೋಲ್ಯಾಂಡಿನದು ನನ್ನ ಬೆರಳಿಗೆ ಎಲ್ಲಕ್ಕಿಂತ ಹಿಡಿಸಿತು, ಕೀಯ ಮೇಲ್ಮೈ ನುಣುಪಾಗಿ ಜಾರುವುದಿಲ್ಲ, ಸೆಕೆಯಲ್ಲಿ ಬೆವರಿದ ಬೆರಳಿಗೆ ಅದು ದೊಡ್ಡ ಉಪಕಾರ. ಕ್ಯಾಸಿಯೋ ಎಲ್ಲಕ್ಕಿಂತ ತೆಳು, ಆರು ಸಣ್ಣ ಬ್ಯಾಟರಿ ಹಾಕಿದರೆ ಕರೆಂಟಿಲ್ಲದೆಯೂ ನುಡಿಯುತ್ತದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ಕಡೆ ಇದ್ದಿದ್ದರೆ ನಾನು ಅದನ್ನೇ ತರುತ್ತಿದ್ದೆ. ನಮ್ಮ ಕಟ್ಟಡಕ್ಕೆ ಜನರೇಟರ್ ಉಂಟು, ಟೀಚರ್ ಮನೆಯಲ್ಲಿ ಇರುವುದೂ ಯಮಾಹಾ, ಹಾಗಾಗಿ ಪಿ-45. ಅದರಲ್ಲಿ ಇರುವುದು ಹತ್ತೇ ಹತ್ತು ಸೌಂಡ್. ಮಗಳು ಕೂತಾಗ ಮುಟ್ಟುವುದು ಮೊದಲ ಒಂದನ್ನು ಮಾತ್ರ. ಬೆಲೆ ಸ್ಥಳದಿಂದ ಸ್ಥಳಕ್ಕೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆ. 40ರಿಂದ 60 ಸಾವಿರದ ನಡುವೆ ಮನಸ್ಸು ಗಟ್ಟಿಮಾಡಿ ಹೊರಡಿ. ಅಷ್ಟು ಆಗುವುದಿಲ್ಲ ಎಂದಾದರೆ 61 ಕೀಯ, ಟಚ್ ಸೆನ್ಸಿಟಿವ್ (ಬೆರಳಿನ ವೇಗಕ್ಕೆ ತಕ್ಕಂತೆ ಸ್ವರ ಜೋರು-ಮೆಲ್ಲಗಾಗುವ) ಕೀಬೋರ್ಡ್ ತಂದು ಮೊದಲ ಒಂದೆರಡು ವರ್ಷ ಕಲಿಸುವುದರಲ್ಲಿ ಯಾವ ತಪ್ಪೂ ಇಲ್ಲ. ಟಚ್ ಇಲ್ಲದ್ದನ್ನು ಮಾತ್ರ ತರಬೇಡಿ.

ಇನ್ನು ಅತ್ತೆಯ ವಿಷಯ. ಮನೆಗೆ ಒಂದು ವಾದ್ಯ ಬರುತ್ತದೆ ಎಂದಾಗ ಅವರಿಗೂ ಆಸೆ, ಸಹಜ. ಅವರಿಗೆ ಬೇಕಾದದ್ದು ಹಾರ್ಮೋನಿಯಂ ಸ್ವರ, ತಂಬೂರಿ, ಜೊತೆಗೆ ಭಜನೆಗೆ ತಾಳ. ಭಾರತಕ್ಕೆಂದೇ ಮಾಡಿದ ಕೀಬೋರ್ಡುಗಳಲ್ಲಿ ಇವೆಲ್ಲ ಇವೆ. ಯಮಾಹಾದ ಪಿಎಸ್ಆರ್-ಐ500ರಲ್ಲಿ ತಬಲಾ ತಂಬೂರಿ ಸೇರಿಸಿ ರಿಯಾಜ್ (ಅಭ್ಯಾಸ) ಮಾಡುವ ಅನುಕೂಲವೇ ಉಂಟು, ಕ್ಯಾಸಿಯೋದವರೂ ಇಂಥವನ್ನು ತರುತ್ತಾರೆ. ಭಜನೆ, ಸಿನಿಮಾ ಹಾಡು, ವೇದಿಕೆ ಕಾರ್ಯಕ್ರಮ ನಿಮ್ಮ ಗುರಿಯಾದರೆ ಖಂಡಿತ ಅದನ್ನೇ ಕೊಳ್ಳಿ, ಪಿಯಾನೋ ಬೇಡ. ಕರ್ನಾಟಕ ಸಂಗೀತದ ಗಮಕ ಬೇಕಾದರೆ ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರ ಇರಲೇಬೇಕು, ಕೀಬೋರ್ಡಿನಲ್ಲಿ ಪೂರ್ತಿ ಕಛೇರಿ ಮಾಡುವ ಚೆನ್ನೈಯ ಕೆ. ಸತ್ಯನಾರಾಯಣನ್ ಅವರ ನುಡಿಸಾಣಿಕೆ ಕೇಳಿದರೆ ಅದರಿಂದ ಏನೆಲ್ಲ ಸಾಧ್ಯ ಎಂದು ಗೊತ್ತಾಗುತ್ತದೆ. ಹೆಚ್ಚಿನ ಡಿಜಿಟಲ್ ಪಿಯಾನೋಗಳಲ್ಲಿ ಆ ಚಕ್ರ ಇಲ್ಲ. ಒಂದೊಂದು ಸ್ವರಕ್ಕೂ ಒಂದೊಂದು ಕೀ ಎಂದು ಗೂಟ ಹೊಡೆದ ವಾದ್ಯದಲ್ಲಿ ಗಮಕ ಬರುವುದಿಲ್ಲ ಎನ್ನುವ ತಕರಾರು ಹಳೆಯದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟದ್ದರ ಹಿಂದೆಯೂ ಅದೇ ಇತ್ತು. ಭಜನೆಯವರು ಅದಕ್ಕೆಲ್ಲ ಕಿವಿಗೊಡಲಿಲ್ಲ, ಒಳ್ಳೆಯದೇ ಆಯಿತು.

ನಾವು ಮಾಡಿದ್ದು ಹೀಗೆ. ಹಾರ್ಮೋನಿಯಂ ಅದರ ಜಾಗದಲ್ಲೇ ಉಳಿಯಿತು, ಪಿಯಾನೋ ಅದರ ಪಕ್ಕಕ್ಕೆ ಬಂತು. ಅತ್ತೆಯ ಶ್ರುತಿ ಕಪ್ಪು ಐದು, ಅಂದರೆ ಅವರ ಷಡ್ಜ ಐದನೇ ಕಪ್ಪು ಕೀ. ಮಗಳಿಗೆ ಗೊತ್ತಿರುವ ಹಾಡುಗಳೆಲ್ಲ ಬಿಳಿ ಒಂದರಲ್ಲಿ. ಪಿಯಾನೋದ ಟ್ರಾನ್ಸ್‌ಪೋಸನ್ನು ಎರಡು ಮೆಟ್ಟಿಲು ಇಳಿಸಿದರೆ ಅವಳ ಬೆರಳು ಬಿಳಿ ಒಂದರಲ್ಲೇ ಇದ್ದು ಸ್ವರ ಕಪ್ಪು ಐದರಲ್ಲಿ ಬರುತ್ತದೆ. ಆದರೂ ಮೊದಲ ಸಂಜೆ ಇಬ್ಬರೂ ಒಟ್ಟಿಗೆ ಷಡ್ಜ ಹಿಡಿದಾಗ ಕಿವಿಗೆ ಹಿತವಾಗಲಿಲ್ಲ. ಡಿಜಿಟಲ್ ಪಿಯಾನೋ ಹುಟ್ಟಿದ್ದೇ 440 ಹರ್ಟ್ಜ್ ಲೆಕ್ಕದಲ್ಲಿ, ಅಂದರೆ ಮಧ್ಯದ ಬಿಳಿ ಆರರ ಸ್ವರ ಸೆಕೆಂಡಿಗೆ 440 ಸಲ ಕಂಪಿಸುವ ಹಾಗೆ. ಅತ್ತೆಯ ಪೆಟ್ಟಿಗೆಯ ರೀಡುಗಳು ಅವರ ತಂದೆಯ ಕಾಲದವು, ಅವುಗಳದ್ದೇ ಒಂದು ಲೆಕ್ಕ.

ಶ್ರುತಿ ಸೇರಿಸಲು ಪಿಯಾನೋವನ್ನು ಪೈಪ್ ಆರ್ಗನ್ ಸ್ವರಕ್ಕೆ ಇಟ್ಟೆವು, ಯಾಕೆಂದರೆ ಪಿಯಾನೋ ಸ್ವರ ಹುಟ್ಟಿದ ಕ್ಷಣದಿಂದ ಸಾಯುತ್ತಾ ಹೋಗುತ್ತದೆ, ಆರ್ಗನ್ ಹಾರ್ಮೋನಿಯಂನಂತೆ ಒತ್ತಿದಷ್ಟು ಹೊತ್ತು ನಿಲ್ಲುತ್ತದೆ. ಅತ್ತೆ ಷಡ್ಜ ಹಿಡಿದರು, ನಾನು ಅದೇ ಸ್ವರ ಒತ್ತಿದೆ. ಎರಡೂ ಸೇರಿದಾಗ ಒಂದು ಅಲೆ ಕೇಳಿತು, ವಾಂ, ವಾಂ, ವಾಂ ಎಂದು ಏರಿ ಇಳಿಯುವ ಸದ್ದು. ಎರಡು ಸ್ವರಗಳ ಕಂಪನದಲ್ಲಿ ಸೆಕೆಂಡಿಗೆ ಎಷ್ಟು ವ್ಯತ್ಯಾಸ ಉಂಟೋ ಅಷ್ಟೇ ಅಲೆ. ಸೆಕೆಂಡಿಗೆ ಮೂರು ಅಲೆ ಎಂದರೆ ಮೂರು ಹರ್ಟ್ಜ್. ಪಿ-45ರಲ್ಲಿ ಪರದೆ ಇಲ್ಲ, ಫಂಕ್ಷನ್ ಬಟನ್ ಹಿಡಿದುಕೊಂಡು ನಿಗದಿಯಾದ ಕೀ ಒತ್ತಿದರೆ ಪ್ರತಿ ಒತ್ತಿಗೂ ಶ್ರುತಿ ಸುಮಾರು 0.2 ಹರ್ಟ್ಜ್ ಜರುಗುತ್ತದೆ. ಒತ್ತುತ್ತಾ ಹೋದಂತೆ ಅಲೆ ಉದ್ದವಾಯಿತು, ವಾಂ ಎನ್ನುವುದು ವಾ...ಆ...ಆಂ ಆಯಿತು, ಆಮೇಲೆ ನಿಂತೇಹೋಯಿತು. ಎರಡು ಪೆಟ್ಟಿಗೆಯಿಂದ ಒಂದೇ ಸ್ವರ. ಅತ್ತೆ ತಿದಿಯನ್ನು ಒಂದೇ ಸಮನಾಗಿ ಒತ್ತುತ್ತಲೇ ಇದ್ದರು, ಗಾಳಿಯ ಒತ್ತಡ ಹೆಚ್ಚುಕಡಿಮೆಯಾದರೂ ರೀಡ್ ತುಸು ಅಲ್ಲಾಡುತ್ತದೆ ಎಂದು ಅವರಿಗೆ ಗೊತ್ತು. ಭಜನೆ ಮುಗಿದ ಮೇಲೆ ನಾನು ಪಿಯಾನೋವನ್ನು ಮತ್ತೆ 440ಕ್ಕೆ ತಂದಿಡುತ್ತೇನೆ, ಮಗಳ ಕಿವಿ ಟೀಚರ್ ಮನೆಯ ಶ್ರುತಿಯಲ್ಲೇ ಬೆಳೆಯಲಿ ಎಂದು. ಟ್ರಾನ್ಸ್‌ಪೋಸ್ ಮತ್ತು ಈ ಸೂಕ್ಷ್ಮ ಟ್ಯೂನಿಂಗ್, ಎರಡೂ ಉಂಟಾ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಹಾರ್ಮೋನಿಯಂ ಇರುವ ಮನೆಗೆ ಇವು ಆರುನೂರು ಟೋನುಗಳಿಗಿಂತ ಹೆಚ್ಚು ಬೇಕಾದವು.

ನಿಜವಾದ ಪಿಯಾನೋವನ್ನೇ ಯಾಕೆ ತರಲಿಲ್ಲ ಎಂದು ಕೇಳುವವರಿದ್ದಾರೆ. ಟೀಚರ್ ಮನೆಯ ಅಪ್‌ರೈಟ್ (ನೆಟ್ಟಗೆ ನಿಲ್ಲುವ ತಂತಿಯ) ಪಿಯಾನೋದ ನಾದದ ಮುಂದೆ ನಮ್ಮದು ಏನೂ ಅಲ್ಲ, ಇದನ್ನು ಒಪ್ಪಲು ನನಗೆ ಸಂಕೋಚವಿಲ್ಲ. ಆದರೆ ಅದು ಮರ, ಉಣ್ಣೆಯ ಫೆಲ್ಟ್ ಮತ್ತು ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳ ವಾದ್ಯ. ನಮ್ಮ ಕರಾವಳಿಯ ಹವೆ ಈ ಮೂರಕ್ಕೂ ಆಗಿಬರುವುದಿಲ್ಲ. ಆಷಾಢದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಶ್ರುತಿ ಮೇಲೇರುತ್ತದೆ, ಒತ್ತಿದ ಕೀ ಹಿಂದಕ್ಕೆ ಬಾರದೆ ಅಂಟಿಕೊಳ್ಳುತ್ತದೆ. ಬೇಸಿಗೆಗೆ ಮತ್ತೆ ಇಳಿಯುತ್ತದೆ. ವರ್ಷಕ್ಕೆ ಎರಡು ಸಲವಾದರೂ ಟ್ಯೂನ್ ಮಾಡಿಸಬೇಕು. ಟೀಚರ್ ಅದನ್ನು ಸಾಕುವುದು ಪ್ರೀತಿಯಿಂದ, ಆ ಪ್ರೀತಿಗೆ ತಕ್ಕ ಖರ್ಚಿನಿಂದ. ನಾಲ್ಕನೇ ಮಹಡಿಗೆ ಇನ್ನೂರು ಕಿಲೋ ಹೊರಿಸಿ ತರುವ ಧೈರ್ಯವೂ ನಮಗೆ ಇರಲಿಲ್ಲ. ಪಿ-45ರ ತೂಕ 11.5 ಕಿಲೋ. ಉದ್ದ ಸುಮಾರು 133 ಸೆಂಟಿಮೀಟರ್, ಗೋಡೆ ಅಳೆದುಕೊಂಡೇ ಹೋಗಿ.

ಡಿಜಿಟಲ್ ಎಂದ ಮಾತ್ರಕ್ಕೆ ಹವೆ ಸುಮ್ಮನೆ ಬಿಡುವುದಿಲ್ಲ. ಕೀಯ ಕೆಳಗಿನ ಸೆನ್ಸರುಗಳು ರಬ್ಬರ್ ಮತ್ತು ಕಾರ್ಬನ್ನಿನವು. ತೇವ, ಧೂಳು ಕೂತರೆ ಎರಡರಲ್ಲಿ ಒಂದು ಮುಟ್ಟದೆ ಹೋಗಿ ಸಮಯದ ಲೆಕ್ಕವೇ ತಪ್ಪುತ್ತದೆ. ಆಗ ಮೆಲ್ಲ ಒತ್ತಿದ ಕೀ ಇದ್ದಕ್ಕಿದ್ದಂತೆ ಕಿರುಚುತ್ತದೆ, ಇಲ್ಲವೇ ಮೂಕವಾಗುತ್ತದೆ. ಪಡುವಣ ಕಿಟಕಿಯ ಎದುರು ಇಡಬೇಡಿ, ಇರಿಚಲು ನೀರೂ ಉಪ್ಪುಗಾಳಿಯೂ ಅಲ್ಲಿಂದಲೇ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಅಥವಾ ರೆಕ್ಸಿನ್ ಹೊದಿಕೆ ಹಾಕಿ ಮುಚ್ಚಿದರೆ ತೇವ ಒಳಗೇ ಕೂರುತ್ತದೆ. ನಾವು ಅತ್ತೆಯ ಹಳೆಯ ಹತ್ತಿ ಸೀರೆಯನ್ನು ಮಡಿಚಿ ಹೊದಿಸುತ್ತೇವೆ. ದಿನಾ ನುಡಿಸುವುದೇ ದೊಡ್ಡ ಔಷಧಿ. ಮತ್ತೆ ಇರುವೆ! ಭಜನೆ ಮುಗಿದ ಮೇಲೆ ಪಂಚಕಜ್ಜಾಯ ಹಂಚುತ್ತೇವೆ, ಬೆಲ್ಲದ ಬೆರಳಲ್ಲಿ ಯಾರಾದರೂ ಮಕ್ಕಳು ಕೀ ಮುಟ್ಟಿದರೆ ಮರುದಿನ ಸಾಲು ಶುರು. ಕೈ ತೊಳೆಯದೆ ಮುಟ್ಟಬಾರದು ಎನ್ನುವುದು ಈಗ ನಮ್ಮ ಮನೆಯ ನಿಯಮ. ಗುಡುಗು ಕೇಳಿದ ಕೂಡಲೇ ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕಳಚಿ, ಸ್ವಿಚ್ ಆರಿಸಿದರೆ ಸಾಲದು. ಮೇ ತಿಂಗಳ ಮತ್ತು ಅಕ್ಟೋಬರ್‌ನ ಸಂಜೆಯ ಸಿಡಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಫ್ಲ್ಯಾಟಿನಲ್ಲಿರುವವರು ಹೆಡ್‌ಫೋನ್ ತರುವಾಗ ವೈರಿನದನ್ನೇ ತನ್ನಿ. ಬ್ಲೂಟೂತ್‌ನಲ್ಲಿ ಬೆರಳಿಗೂ ಕಿವಿಗೂ ನಡುವೆ ಸದ್ದು ತಡವಾಗುತ್ತದೆ, ಲಯ ಕಲಿಯುವ ಮಗುವಿಗೆ ಅದು ತೊಂದರೆ. ಪಿ-45ಕ್ಕೆ ದಪ್ಪ ಪಿನ್ ಬೇಕು, ಮೊಬೈಲಿನ ಪಿನ್ನಿಗೆ ಸಿಕ್ಕಿಸುವ ಕನ್ವರ್ಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಹೆಡ್‌ಫೋನ್ ಹಾಕಿದರೂ ಸುತ್ತಿಗೆಯ ಧಡ್ ಧಡ್ ಸ್ಟ್ಯಾಂಡಿನ ಕಾಲಿನಿಂದ ಕೆಳಗಿನ ಮನೆಯ ಮಾಡಿಗೆ ಇಳಿಯುತ್ತದೆ. ಕೆಳಗಿನ ಮನೆಯ ಅಜ್ಜ ಬಂದು ಹೇಳಿದ ಮೇಲೆ ನಾಲ್ಕೂ ಕಾಲಿಗೆ ದಪ್ಪ ನಾರಿನ ಮ್ಯಾಟ್ ಕೊಟ್ಟೆವು, ಆಮೇಲೆ ಅವರಿಂದ ದೂರು ಬರಲಿಲ್ಲ. ಇಂಗ್ಲಿಷಿನ ಎಕ್ಸ್ ಆಕಾರದ ಸ್ಟ್ಯಾಂಡ್ ಬೇಡ, ಜೋರಾಗಿ ನುಡಿಸಿದರೆ ತೂಗುತ್ತದೆ, ಮೊಣಕಾಲಿಗೂ ತಾಗುತ್ತದೆ. ಜೊತೆಗೆ ಕೊಡುವ ಚಪ್ಪಟೆ ಪೆಡಲ್ ನೆಲದ ಮೇಲೆ ಜಾರಿಕೊಂಡು ಹೋಗುತ್ತದೆ. ಪಿಯಾನೋ ಆಕಾರದ ಭಾರದ ಪೆಡಲ್ ಬೇರೆ ತೆಗೆದುಕೊಳ್ಳಿ.

ಹೊಸದಕ್ಕೆ ಕೈ ಎಟುಕದಿದ್ದರೆ ಸೆಕೆಂಡ್ ಹ್ಯಾಂಡ್ ನೋಡಿ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳು ಹೆಚ್ಚು ಬಳಸದ ಒಳ್ಳೆಯ ವಾದ್ಯಗಳನ್ನು ಮಾರುವುದುಂಟು. ನೋಡಲು ಹೋಗುವಾಗ ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. 88 ಕೀಯನ್ನೂ ಒಂದೊಂದಾಗಿ ಮೂರು ಬಗೆಯಲ್ಲಿ ಒತ್ತಿ: ಮೆಲ್ಲ, ಮಧ್ಯಮ, ಜೋರು. ಅಕ್ಕಪಕ್ಕದ ಕೀಗಿಂತ ಯಾವುದಾದರೂ ಜೋರಾಗಿ ಕೇಳಿದರೆ ಸೆನ್ಸರ್ ಹಾಳಾಗುತ್ತಾ ಬಂದಿದೆ ಎಂದು ತಿಳಿಯಿರಿ. ಕೀಗಳ ಮಟ್ಟಕ್ಕೆ ಕಣ್ಣು ತಗ್ಗಿಸಿ ಬದಿಯಿಂದ ನೋಡಿ, ಸಾಲು ನೇರವಾಗಿರಬೇಕು. ಪೆಡಲ್ ಒತ್ತಿಹಿಡಿದು ಒಂದು ಕಾರ್ಡ್ ಬಾರಿಸಿ ಕೈ ತೆಗೆಯಿರಿ, ಪೆಡಲ್ ಬಿಟ್ಟ ಕೂಡಲೇ ಸ್ವರ ನಿಲ್ಲಬೇಕು. ಅಡಾಪ್ಟರ್ ಕಂಪನಿಯದ್ದೇ ಹೌದಾ, ವೋಲ್ಟೇಜ್ ವಾದ್ಯದ ಹಿಂದೆ ಬರೆದಿರುವುದಕ್ಕೆ ಸರಿ ಉಂಟಾ ಎಂದು ಓದಿಕೊಳ್ಳಿ. ಮಾರುವವರು ಮಳೆಗಾಲದಲ್ಲಿ ಅದನ್ನು ಎಲ್ಲಿ ಇಟ್ಟಿದ್ದರು ಎಂದೂ ಕೇಳಿ. ಬಾಲ್ಕನಿಯ ಪಕ್ಕ ಎಂದರೆ ಬೆಲೆ ಎಷ್ಟು ಇಳಿಸಿದರೂ ಬಿಟ್ಟು ಬನ್ನಿ.